ಐಯುಸಿಎನ್ ಕೆಂಪು ಪಟ್ಟಿ ಜಾಲತಾಣ: ಬಿಲ್ಲೆಗಿಂತ ಮೊದಲು ಇಸವಿ ನೋಡಿ

ಯಾವುದೋ ಕಪ್ಪೆ, ಮೀನು ಅಥವಾ ಮರ ಅಳಿವಿನಂಚಿನಲ್ಲಿದೆ ಎಂದು ಪತ್ರಿಕೆಯಲ್ಲಿ ಬಂದರೆ, ಆ ಮಾತಿನ ಮೂಲ ಹೆಚ್ಚಿನ ಸಲ ಒಂದೇ: ಐಯುಸಿಎನ್ ಕೆಂಪು ಪಟ್ಟಿ. 1948ರಲ್ಲಿ ಹುಟ್ಟಿ, ಈಗ ಸ್ವಿಟ್ಜರ್ಲೆಂಡಿನ ಗ್ಲಾಂಡ್‌ನಿಂದ ನಡೆಯುವ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಸಂಸ್ಥೆ 1964ರಿಂದ ಈ ಪಟ್ಟಿಯನ್ನು ಇಟ್ಟುಕೊಂಡು ಬಂದಿದೆ. 2024ರ ಅಕ್ಟೋಬರ್ ಆವೃತ್ತಿಯಲ್ಲಿ 1,66,061 ಪ್ರಭೇದಗಳ ಮೌಲ್ಯಮಾಪನವಿತ್ತು. ಅವುಗಳಲ್ಲಿ 46,337 ಅಪಾಯದಲ್ಲಿರುವಂಥವು. ನೋಡುವುದಕ್ಕೆ ದುಡ್ಡು ಕೊಡಬೇಕಿಲ್ಲ, ಲಾಗಿನ್ ಕೂಡ ಬೇಡ. ಜೀವವೈವಿಧ್ಯದ ಮೇಲೆ ನಿಗಾ ಇಡುವ ಅಂತರರಾಷ್ಟ್ರೀಯ ಸೇವೆಗಳಲ್ಲಿ ಇಷ್ಟು ಬಳಕೆಯಾಗುವುದು ಇನ್ನೊಂದಿಲ್ಲ. ಇಷ್ಟು ಅರೆಬರೆಯಾಗಿ ಓದಿಸಿಕೊಳ್ಳುವುದೂ ಇನ್ನೊಂದಿಲ್ಲ.

ತೀರ್ಪು ಮೊದಲೇ ಹೇಳಿಬಿಡುವುದಾದರೆ, ಒಂದು ಪ್ರಭೇದದ ಬಗ್ಗೆ ಜಗತ್ತಿಗೆ ಏನು ಗೊತ್ತಿದೆ ಎಂದು ಹತ್ತು ನಿಮಿಷದಲ್ಲಿ ತಿಳಿಯಲು ಇದಕ್ಕಿಂತ ಒಳ್ಳೆಯ ತಾಣವಿಲ್ಲ. ಆದರೆ ಪುಟದ ತಲೆಯ ಮೇಲಿರುವ ಬಣ್ಣದ ಬಿಲ್ಲೆಯನ್ನಷ್ಟೇ ನೋಡಿ ವರದಿ ಬರೆಯುವವರಿಗೆ, ಯೋಜನೆಗೆ ಅನುಮತಿ ಕೇಳುವವರಿಗೆ, ತಡೆಯಾಜ್ಞೆ ತರುವವರಿಗೆ ಇದು ಕೈಕೊಡುತ್ತದೆ. ತಪ್ಪು ತಾಣದ್ದಲ್ಲ. ಹೇಳಬೇಕಾದ್ದನ್ನೆಲ್ಲ ಅದು ಹೇಳಿಯೇ ಇರುತ್ತದೆ, ಎರಡು ಸಾಲು ಕೆಳಗೆ.

ಹುಡುಕಾಟದಿಂದ ಶುರು ಮಾಡೋಣ. ಕನ್ನಡದ ಹೆಸರನ್ನು ನೆಚ್ಚಿಕೊಳ್ಳಬೇಡಿ. ಇಂಗ್ಲಿಷ್ ಹೆಸರೂ ಕೆಲವೊಮ್ಮೆ ಬೇರೆ ಪ್ರಾಣಿಗೆ ಕೊಂಡೊಯ್ಯುತ್ತದೆ. ವೈಜ್ಞಾನಿಕ ಹೆಸರು ಹಾಕಿ: ಸಿಂಗಳೀಕ ಬೇಕಿದ್ದರೆ ಮಕಾಕಾ ಸೈಲೀನಸ್. ಹೆಸರು ಸಿಗದಿದ್ದರೆ ಕುಲದ ಹೆಸರು ಬದಲಾಗಿರಬಹುದು. ಪಶ್ಚಿಮ ಘಟ್ಟದ ಕಪ್ಪೆ ಮತ್ತು ಮೀನುಗಳಲ್ಲಿ ಇದು ತೀರಾ ಸಾಮಾನ್ಯ, ಆದ್ದರಿಂದ ಕುಲ ಬಿಟ್ಟು ಪ್ರಭೇದದ ಹೆಸರನ್ನಷ್ಟೇ ಹಾಕಿ ನೋಡಿ. ಒಂದೇ ಪ್ರಾಣಿಗೆ ಎರಡು ಫಲಿತಾಂಶ ಬಂದರೆ ಗಾಬರಿ ಬೇಡ, ವ್ಯಾಪ್ತಿ ಎಂಬ ಸಾಲನ್ನು ನೋಡಿ. ಒಂದು ಜಾಗತಿಕ, ಇನ್ನೊಂದು ಯುರೋಪ್ ಅಥವಾ ಮೆಡಿಟರೇನಿಯನ್ ಪ್ರದೇಶಕ್ಕೆ ಮಾತ್ರ ಸೀಮಿತ. ಯುರೋಪಿನಲ್ಲಿ ಕಷ್ಟದಲ್ಲಿರುವ ಹಕ್ಕಿ ಇಲ್ಲಿ ಕೆರೆ ತುಂಬ ಇರಬಹುದು.

ಪುಟ ತೆರೆದ ಕೂಡಲೇ ಕಣ್ಣಿಗೆ ಬೀಳುವುದು ದರ್ಜೆ. ಒಟ್ಟು ಒಂಬತ್ತು ದರ್ಜೆಗಳಿವೆ. ಅಪಾಯದವು ಎಂದು ಎಣಿಸುವುದು ಮೂರನ್ನು ಮಾತ್ರ: ವಿಯು (ಅಪಾಯಕ್ಕೆ ಈಡಾಗಬಲ್ಲದ್ದು), ಇಎನ್ (ಅಳಿವಿನಂಚಿನದು), ಸಿಆರ್ (ತೀವ್ರ ಅಳಿವಿನಂಚಿನದು). ದರ್ಜೆಯ ಪಕ್ಕದಲ್ಲೇ ಅಕ್ಷರ ಮತ್ತು ಅಂಕಿಯ ಒಂದು ಕೋಡ್ ಇರುತ್ತದೆ. ಬಹುಪಾಲು ಓದುಗರು ದಾಟಿ ಹೋಗುವುದು ಇದನ್ನೇ, ಪುಟದ ಜೀವ ಇರುವುದೂ ಇದರಲ್ಲೇ. ಎ ಎಂದರೆ ಸಂಖ್ಯೆ ಕುಸಿದಿದೆ. ಬಿ ಎಂದರೆ ಇರುವ ಜಾಗ ಚಿಕ್ಕದು, ಅದೂ ಕುಗ್ಗುತ್ತಿದೆ. ಸಿ ಎಂದರೆ ಸಂಖ್ಯೆ ಕಡಿಮೆ, ಇಳಿಮುಖವೂ ಹೌದು. ಡಿ ಎಂದರೆ ಸಂಖ್ಯೆಯೇ ತೀರಾ ಕಡಿಮೆ, ಅಥವಾ ಜಾಗ ಬೆರಳೆಣಿಕೆಯಷ್ಟು. ಇ ಎಂದರೆ ಗಣಿತದ ಮಾದರಿಯಿಂದ ತೆಗೆದ ಅಳಿವಿನ ಸಾಧ್ಯತೆ; ಇದು ಅಪರೂಪ.

ಎ ಮಾನದಂಡದಲ್ಲಿ ಲೆಕ್ಕ ಹಿಡಿಯುವ ಅವಧಿ ಹತ್ತು ವರ್ಷ ಅಥವಾ ಮೂರು ತಲೆಮಾರು, ಯಾವುದು ದೀರ್ಘವೋ ಅದು. ಅದರ ಉಪವಿಭಾಗಗಳಲ್ಲಿ ಎ2ರಿಂದ ಎ4ರವರೆಗೆ ಕುಸಿತ ಶೇ 30 ಮುಟ್ಟಿದರೆ ವಿಯು, 50ಕ್ಕೆ ಇಎನ್, 80ಕ್ಕೆ ಸಿಆರ್. ಕುಸಿತದ ಕಾರಣ ಗೊತ್ತಿದ್ದು, ನಿಂತೂ ಹೋಗಿ, ಸರಿಪಡಿಸಲೂ ಆಗುವಂಥದ್ದಾದರೆ ಅದು ಎ1. ಅಲ್ಲಿ ಗಡಿಗಳು 50, 70, 90. ಕೊಡಗಿನ ಕಾಫಿ ತೋಟಕ್ಕೆ ದಿನ ಬೆಳಗಾದರೆ ಆನೆ ನುಗ್ಗುವಾಗ ಆನೆ ಇಎನ್ ಹೇಗೆ ಎಂದು ಕೇಳುವವರಿಗೆ ಉತ್ತರ ಈ ಕೋಡ್‌ನಲ್ಲಿದೆ. 2023ರ ಗಣತಿಯಲ್ಲಿ ಕರ್ನಾಟಕವೊಂದರಲ್ಲೇ 6,395 ಆನೆಗಳ ಅಂದಾಜು ಬಂತು, ಅದು ದೇಶದಲ್ಲೇ ಹೆಚ್ಚು. ಆದರೆ ಏಷ್ಯಾದ ಆನೆಗೆ ಇಎನ್ ಬಂದಿರುವುದು ತಲೆಯೆಣಿಕೆಯಿಂದಲ್ಲ. ಮೂರು ತಲೆಮಾರು, ಅಂದರೆ 60ರಿಂದ 75 ವರ್ಷಗಳಲ್ಲಿ, ಹದಿಮೂರು ದೇಶಗಳಲ್ಲಿ ಕಾಡು ಕರಗಿದ್ದರಿಂದ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿದಿರಬೇಕೆಂಬ ಅನುಮಾನದಿಂದ. ಇಲ್ಲಿನ ಗಣತಿ ಏರಿದರೂ ಆ ಬಿಲ್ಲೆ ತಕ್ಷಣ ಬದಲಾಗದು. ತೋಟದವನ ಸಂಕಟವೂ ಪಟ್ಟಿಯ ದರ್ಜೆಯೂ ಏಕಕಾಲಕ್ಕೆ ನಿಜ.

ಬಿ ಮಾನದಂಡದಲ್ಲಿ ಎಡವುವವರು ಇನ್ನೂ ಹೆಚ್ಚು. ಇಲ್ಲಿ ಎರಡು ಅಳತೆಗಳಿವೆ. ಸಿಕ್ಕ ಜಾಗಗಳನ್ನೆಲ್ಲ ಸುತ್ತುವರಿಯುವ ಗಡಿಯೊಳಗಿನ ವಿಸ್ತೀರ್ಣ ಒಂದು: 20,000 ಚದರ ಕಿಲೋಮೀಟರಿಗಿಂತ ಕಡಿಮೆಯಾದರೆ ವಿಯು, 5,000ಕ್ಕೆ ಇಎನ್, 100ಕ್ಕೆ ಸಿಆರ್. ನಿಜವಾಗಿ ವಾಸವಿರುವ ಜಾಗ ಇನ್ನೊಂದು: ನಕ್ಷೆಯ ಮೇಲೆ 2 ಕಿಲೋಮೀಟರ್ ಉದ್ದ, 2 ಕಿಲೋಮೀಟರ್ ಅಗಲದ ಚೌಕಗಳನ್ನು ಹಾಸಿ, ಜೀವಿ ಸಿಕ್ಕ ಚೌಕಗಳನ್ನು ಎಣಿಸಿ ತೆಗೆಯುವ ಲೆಕ್ಕ, ಗಡಿಗಳು 2,000, 500, 10. ಚೌಕದ ಅಳತೆ ಬದಲಿಸಿದರೆ ಉತ್ತರವೂ ಬದಲಾಗುತ್ತದೆ, ಹಾಗಾಗಿ ಒಂದು ಕಿಲೋಮೀಟರ್ ಚೌಕ ಹಾಕಿ ನಮ್ಮೂರ ಗಿಡ ಸಿಆರ್ ಎಂದು ಘೋಷಿಸುವ ಪ್ರಬಂಧಗಳನ್ನು ನಂಬಬೇಡಿ. ಜಾಗ ಚಿಕ್ಕದಾದರೆ ಸಾಲದು, ಛಿದ್ರವಾಗಿರುವುದು ಅಥವಾ ತಾಣಗಳು ಕೆಲವೇ ಆಗಿರುವುದು, ಇಳಿಕೆ ಮುಂದುವರಿದಿರುವುದು, ವಿಪರೀತ ಏರಿಳಿತ, ಈ ಮೂರರಲ್ಲಿ ಎರಡು ಸಾಬೀತಾಗಬೇಕು. ತಾಣ ಎಂದರೆ ಇಲ್ಲಿ ಊರಿನ ಹೆಸರಲ್ಲ, ಒಂದೇ ಅಪಾಯ ಒಮ್ಮೆಲೇ ಬಡಿಯಬಲ್ಲ ಇಡೀ ಪ್ರದೇಶ. ಒಂದು ಹೊಳೆಯ ಹತ್ತು ಮಡುಗಳಲ್ಲಿ ಮೀನಿದ್ದರೂ ಮೇಲೆ ಕಟ್ಟುವ ಅಣೆಕಟ್ಟು ಹತ್ತನ್ನೂ ಕೆಡಿಸುವುದಾದರೆ ಅದು ಒಂದೇ ತಾಣ.

ಈಗ ಇಸವಿಗೆ ಬನ್ನಿ. ಮೌಲ್ಯಮಾಪನ ಮಾಡಿದ ದಿನಾಂಕ ಬೇರೆ, ಪ್ರಕಟವಾದ ವರ್ಷ ಬೇರೆ, ಎರಡೂ ಪುಟದಲ್ಲಿರುತ್ತವೆ. ಹತ್ತು ವರ್ಷ ದಾಟಿದ್ದಕ್ಕೆ ಪರಿಷ್ಕರಣೆ ಬೇಕು ಎಂಬ ಗುರುತನ್ನು ತಾಣವೇ ಹಾಕುತ್ತದೆ. ನಮ್ಮ ಭಾಗದ ಮರಗಳನ್ನು ಹುಡುಕುವವರಿಗೆ ಇದು ಮುಖ್ಯ, ಏಕೆಂದರೆ ಪಶ್ಚಿಮ ಘಟ್ಟದ ಹಲವು ಮರಗಳ ಮೌಲ್ಯಮಾಪನ ನಡೆದದ್ದು 1998ರಲ್ಲಿ, ಆಗಿನ 2.3 ಆವೃತ್ತಿಯ ನಿಯಮಗಳಂತೆ. ಆ ನಿಯಮದಲ್ಲಿ ಶೇ 20 ಕುಸಿತಕ್ಕೇ ವಿಯು ಸಿಗುತ್ತಿತ್ತು. 2001ರಲ್ಲಿ ಬಂದ, ಇಂದಿಗೂ ಚಾಲ್ತಿಯಲ್ಲಿರುವ 3.1 ಆವೃತ್ತಿಯಲ್ಲಿ ಕನಿಷ್ಠ 30 ಬೇಕು. ಹಾಗಾಗಿ 1998ರ ವಿಯು ಮತ್ತು 2020ರ ವಿಯು ಎರಡನ್ನೂ ಒಂದೇ ಕೋಷ್ಟಕದಲ್ಲಿ ಕೂಡಿಸಿದರೆ ಲೆಕ್ಕ ಕೆಡುತ್ತದೆ. ಎಲ್‌ಆರ್ (ಕಡಿಮೆ ಅಪಾಯ) ಎಂದು ಶುರುವಾಗುವ ದರ್ಜೆ ಕಂಡರೆ ಅದು ಹಳೆಯ ನಿಯಮದ್ದೆಂದು ಖಾತ್ರಿ. ದರ್ಜೆ, ಮಾನದಂಡದ ಕೋಡ್, ನಿಯಮದ ಆವೃತ್ತಿ, ಮೌಲ್ಯಮಾಪನದ ವರ್ಷ: ವರದಿಯಲ್ಲಿ ಈ ನಾಲ್ಕನ್ನೂ ಒಂದೇ ಸಾಲಿನಲ್ಲಿ ಬರೆಯಿರಿ.

ದರ್ಜೆ ಬದಲಾದಾಗ ಪತ್ರಿಕೆಗಳು ಗೆಲುವು, ಸೋಲು ಎಂದು ಬರೆಯುತ್ತವೆ. ನಿಜವಾಗಿ ಏನಾಯಿತೆಂಬುದು ತಾಣದ ಅಂಕಿಅಂಶಗಳ ವಿಭಾಗದಲ್ಲಿ ಏಳನೇ ಕೋಷ್ಟಕ ಎಂಬ ಪಿಡಿಎಫ್‌ನಲ್ಲಿದೆ. ಪ್ರತಿ ವರ್ಷ ದರ್ಜೆ ಬದಲಾದ ಪ್ರಭೇದಗಳ ಪಟ್ಟಿ, ಪಕ್ಕದಲ್ಲಿ ಕಾರಣದ ಅಕ್ಷರ. ಜಿ ಎಂದಿದ್ದರೆ ನೆಲದ ಮೇಲೆ ನಿಜವಾಗಿಯೂ ಬದಲಾವಣೆ ಆಗಿದೆ. ಎನ್ ಎಂದಿದ್ದರೆ ಹೊಸ ಮಾಹಿತಿ, ಹೆಸರಿನ ತಿದ್ದುಪಡಿ, ಹಳೆಯ ಲೆಕ್ಕದ ತಪ್ಪು ಇತ್ಯಾದಿ. ಬದಲಾವಣೆಗಳಲ್ಲಿ ಹೆಚ್ಚಿನವು ಎನ್ ಗುಂಪಿನವೇ. ಸಂಸ್ಥೆ ಪ್ರಕಟಿಸುವ ಕಡತಗಳಲ್ಲೆಲ್ಲ ಹೆಚ್ಚು ಉಪಯುಕ್ತವಾದದ್ದು ಇದು, ಮತ್ತು ತಾಣದ ಮುಖಪುಟದಿಂದ ಇದನ್ನು ತಲುಪುವುದು ಬೇಕೆಂದೇ ಕಷ್ಟ ಮಾಡಿಟ್ಟಂತಿದೆ.

ಕಾವೇರಿಯ ಬಿಳಿಮೀನನ್ನು ನೋಡಿದರೆ ವಿಷಯ ತಿಳಿಯಾಗುತ್ತದೆ. ಗಾಳ ಹಾಕುವವರು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಹಾಡಿ ಹೊಗಳಿದ, ಬೆನ್ನು ಉಬ್ಬಿದ ದೈತ್ಯ ಮಹಶೀರ್ ಇದು. ಇದಕ್ಕೆ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಹೆಸರಿಲ್ಲದೆ ಪಟ್ಟಿಯಲ್ಲಿ ಪುಟವಿಲ್ಲ, ಪುಟವಿಲ್ಲದೆ ದರ್ಜೆಯಿಲ್ಲ. ಕೇರಳದ ಪಾಂಬಾರ್ ಹೊಳೆಯಿಂದ 2007ರಲ್ಲಿ ವಿವರಿಸಿದ್ದ ಟಾರ್ ರೆಮಾದೇವಿಯೂ ಇದೂ ಒಂದೇ ಎಂದು 2018ರಲ್ಲಿ ಗೊತ್ತಾಯಿತು. ಅದೇ ವರ್ಷ ಸಿಆರ್ ದರ್ಜೆ ಬಂತು. ಇನ್ನೊಂದು ಕಡೆ, ಮೊಟ್ಟೆಮನೆಯಲ್ಲಿ ಬೆಳೆಸಿ ದಶಕಗಳ ಕಾಲ ಕಾವೇರಿಗೆ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್, ಟಾರ್ ಖುದ್ರೀ, ಅದೇ ವರ್ಷ ಇಎನ್‌ನಿಂದ ನೇರ ಎಲ್‌ಸಿಗೆ, ಅಂದರೆ ಸದ್ಯ ಆತಂಕವಿಲ್ಲದ ದರ್ಜೆಗೆ, ಇಳಿಯಿತು. ಬಿಲ್ಲೆ ಮಾತ್ರ ನೋಡಿದವರಿಗೆ ಇದು ಮಹಶೀರ್ ಸಂರಕ್ಷಣೆಯ ಯಶಸ್ಸು. ಪಠ್ಯ ಓದಿದವರಿಗೆ ಕಾಣುವುದು ಬೇರೆ: ಹೊರಗಿನಿಂದ ತಂದು ಬಿಟ್ಟ ಮೀನು ಹೆಚ್ಚಿದ ನದಿಯಲ್ಲೇ ಅಲ್ಲಿಯದೇ ಆದ ಮೀನು ಕಾಣೆಯಾಗುತ್ತಾ ಬಂತು. ಮಹಶೀರ್ ಮರಿ ಬಿಡುವ ಕಾರ್ಯಕ್ರಮಕ್ಕೆ ಹಣ ಕೊಡುವ ಮುನ್ನ ಯಾವ ಟಾರ್ ಎಂದು ಕೇಳಬೇಕಾದ್ದು ಈ ಕಾರಣಕ್ಕೆ.

ನಕ್ಷೆಗಳ ವಿಷಯದಲ್ಲಿ ಅಂಕ ಸ್ವಲ್ಪ ಕಡಿಮೆ ಕೊಡಬೇಕು. ಇಳಿಸಿಕೊಳ್ಳಲು ಉಚಿತ ಖಾತೆ ತೆರೆದು, ಯಾವ ಉದ್ದೇಶಕ್ಕೆಂದು ಬರೆದುಕೊಡಬೇಕು. ಶೇಪ್‌ಫೈಲ್ ರೂಪದಲ್ಲಿ ಬರುತ್ತದೆ. ಹಕ್ಕಿಗಳ ನಕ್ಷೆ ಮಾತ್ರ ಇಲ್ಲಿಲ್ಲ. ಹಕ್ಕಿಗಳ ಮೌಲ್ಯಮಾಪನ ಬರ್ಡ್‌ಲೈಫ್ ಇಂಟರ್‌ನ್ಯಾಷನಲ್ ಜವಾಬ್ದಾರಿಯಾದ್ದರಿಂದ ನಕ್ಷೆಯನ್ನೂ ಅವರಿಗೇ ಬರೆದು ತರಿಸಿಕೊಳ್ಳಬೇಕು. ಕಡತವನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶಕ್ಕೆ ಹಾಕಿದ ತಕ್ಷಣ ಗುಣಲಕ್ಷಣಗಳ ಕೋಷ್ಟಕ ತೆರೆಯಿರಿ. ಇರುವಿಕೆಯ ಕಾಲಂನಲ್ಲಿ 1 ಎಂದರೆ ಈಗಲೂ ಇದೆ, 4 ಎಂದರೆ ಬಹುಶಃ ಅಳಿದಿದೆ, 5 ಎಂದರೆ ಅಳಿದೇ ಹೋಗಿದೆ. ಮೂಲದ ಕಾಲಂನಲ್ಲಿ 1 ಸ್ಥಳೀಯ, 2 ಮರಳಿ ತಂದು ಬಿಟ್ಟದ್ದು, 3 ಹೊರಗಿನಿಂದ ಬಂದದ್ದು. ಇವನ್ನು ಸೋಸದೆ ವಿಸ್ತೀರ್ಣ ತೆಗೆದರೆ ಪ್ರಾಣಿ ಸತ್ತುಹೋದ ಜಿಲ್ಲೆಗಳೂ ಲೆಕ್ಕಕ್ಕೆ ಸೇರಿಕೊಳ್ಳುತ್ತವೆ. ಸೋಸಿದ ಮೇಲೂ ಈ ಗೆರೆಗಳು ಹಬ್ಬಿರಬಹುದಾದ ಹೊರಮಿತಿ ಮಾತ್ರ. ಶೋಲಾ ಕಾಡಿನ ಕಪ್ಪೆಯ ನಕ್ಷೆಯೊಳಗೆ ಕಣಿವೆಯ ಅಡಿಕೆ ತೋಟವೂ ಬಿದ್ದಿರುತ್ತದೆ. ಪುಟದಲ್ಲಿ ಕೊಟ್ಟಿರುವ ಎತ್ತರದ ಮಿತಿ ಮತ್ತು ಆವಾಸದ ಕೋಡ್ ಬಳಸಿ ಕತ್ತರಿಸಿದ ನಂತರವೇ ತಾಲೂಕಿನ ಮಟ್ಟದ ಮಾತು ಆಡಬೇಕು.

ಪ್ರೋಗ್ರಾಮ್ ಬರೆದು ಮಾಹಿತಿ ಎಳೆಯುವವರಿಗೆ ಒಂದು ಎಚ್ಚರಿಕೆ: ಎಪಿಐಯ ಹಳೆಯ ಮೂರನೇ ಆವೃತ್ತಿ ನಿಂತುಹೋಗಿದೆ, ಈಗಿರುವುದು ನಾಲ್ಕನೆಯದು, ಟೋಕನ್ ಹೊಸದಾಗಿ ಪಡೆಯಬೇಕು. ಆರ್ ಭಾಷೆಯ ಆರ್‌ರೆಡ್‌ಲಿಸ್ಟ್ ಪ್ಯಾಕೇಜಿನ ಹಳೆಯ ಸ್ಕ್ರಿಪ್ಟ್‌ಗಳು ಹಾಗಾಗಿಯೇ ದೋಷ ತೋರಿಸುತ್ತವೆ. ಪ್ಯಾಕೇಜ್ ನವೀಕರಿಸಿ ಫಂಕ್ಷನ್ ಹೆಸರುಗಳನ್ನೂ ಬದಲಿಸಿಕೊಳ್ಳಬೇಕು.

ಉಚಿತ ಎಂದೆವಲ್ಲ, ಅದು ವಾಣಿಜ್ಯೇತರ ಬಳಕೆಗೆ ಮಾತ್ರ. ಗಣಿ, ಹೆದ್ದಾರಿ, ಸೌರ ವಿದ್ಯುತ್ ಕಂಪನಿಗಳಿಗೆ ವರದಿ ಮಾಡಿಕೊಡುವ ಸಲಹಾ ಸಂಸ್ಥೆಗಳು ಐಬ್ಯಾಟ್ ಎಂಬ ಚಂದಾ ಸೇವೆಯ ಮೂಲಕವೇ ಹೋಗಬೇಕು. ಅಲ್ಲಿ ಕೆಂಪು ಪಟ್ಟಿ, ಸಂರಕ್ಷಿತ ಪ್ರದೇಶಗಳ ಜಾಗತಿಕ ದತ್ತಸಂಚಯ ಮತ್ತು ಪ್ರಮುಖ ಜೀವವೈವಿಧ್ಯ ಪ್ರದೇಶಗಳು ಒಂದೇ ನಕ್ಷೆಯಲ್ಲಿ ಸಿಗುತ್ತವೆ. ವಿಶ್ವಬ್ಯಾಂಕ್ ಗುಂಪಿನ ಐಎಫ್‌ಸಿ ಸಾಲದ ಆರನೇ ಮಾನದಂಡ ಇಎನ್ ಮತ್ತು ಸಿಆರ್ ಪ್ರಭೇದಗಳ ನೆಲೆಯನ್ನು ಪ್ರತ್ಯೇಕವಾಗಿ ಕೇಳುವುದರಿಂದ ಇದಕ್ಕೆ ಗಿರಾಕಿಗಳು ಕಡಿಮೆಯಿಲ್ಲ. ಐಬ್ಯಾಟ್ ಕೊಡುವ ಪಟ್ಟಿ ಜಾಗದಲ್ಲಿ ಇರಬಹುದಾದವುಗಳದ್ದು, ಇದ್ದವುಗಳದ್ದಲ್ಲ. ಅದನ್ನೇ ಕ್ಷೇತ್ರ ಸಮೀಕ್ಷೆಯ ಫಲಿತಾಂಶವೆಂದು ಅಂಟಿಸಿದ ವರದಿಗಳನ್ನು ಗುರುತಿಸುವುದು ಸುಲಭ: ಒಣ ಭೂಮಿಯ ಯೋಜನೆಯಲ್ಲಿ ಮಲೆನಾಡಿನ ಕಪ್ಪೆಗಳು ಬಂದು ಕೂತಿರುತ್ತವೆ.

ಕೆಂಪು ಪಟ್ಟಿಗೆ ಕಾನೂನಿನ ಬಲವಿಲ್ಲ ಎಂಬುದನ್ನು ಎಷ್ಟು ಸಲ ಹೇಳಿದರೂ ಸಾಲದು. ನವಿಲು ಅಲ್ಲಿ ಎಲ್‌ಸಿ. ನಮ್ಮ 1972ರ ವನ್ಯಜೀವಿ ಕಾಯಿದೆಯಲ್ಲಿ ಅದಕ್ಕೆ ಒಂದನೇ ಪರಿಚ್ಛೇದದ ರಕ್ಷಣೆ. ಗಡಿ ದಾಟುವ ವ್ಯಾಪಾರದ ಪ್ರಶ್ನೆ ಬಂದರೆ ನೋಡಬೇಕಾದ್ದು 1975ರ ಜುಲೈ 1ರಿಂದ ಜಾರಿಯಲ್ಲಿರುವ ಸೈಟೀಸ್ ಒಪ್ಪಂದವನ್ನು. ಅದರ ಅನುಬಂಧಗಳನ್ನು ಹುಡುಕಲು ಸ್ಪೀಶೀಸ್ ಪ್ಲಸ್ ಎಂಬ ತಾಣವಿದೆ, ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ (ಯುಎನ್‌ಇಪಿ) ಕೇಂಬ್ರಿಜ್ ಸಂರಕ್ಷಣಾ ಕೇಂದ್ರ ನಡೆಸುವುದು. ಶ್ರೀಗಂಧ ಕೆಂಪು ಪಟ್ಟಿಯಲ್ಲಿ ವಿಯು, ಸೈಟೀಸ್ ಅನುಬಂಧದಲ್ಲಿ ಇಲ್ಲ. ಬೀಟೆಯ ಕುಲ ಡಾಲ್ಬರ್ಜಿಯಾ 2017ರ ಜನವರಿಯಿಂದ ಇಡಿಯಾಗಿ ಎರಡನೇ ಅನುಬಂಧದಲ್ಲಿದೆ. ಅದಕ್ಕೂ ಮೊದಲಿನಿಂದ ಒಂದನೇ ಅನುಬಂಧದಲ್ಲಿದ್ದ ಬ್ರೆಜಿಲ್‌ನ ಡಾಲ್ಬರ್ಜಿಯಾ ನೈಗ್ರಾ ಮಾತ್ರ ಹೊರತು. ಮೈಸೂರಿನ ಬೀಟೆ ಕೆತ್ತನೆ ಕೆಲಸದ ವಸ್ತುಗಳನ್ನು ಹೊರದೇಶಕ್ಕೆ ಕಳಿಸುವವರು ಕುಲದ ಹೆಸರಿನ ಪಕ್ಕದ 15ನೇ ಟಿಪ್ಪಣಿಯನ್ನು ಕ್ಲಿಕ್ ಮಾಡಿ ಪೂರ್ತಿ ಓದಬೇಕು. ಸಿದ್ಧವಸ್ತುಗಳಿಗೆ 10 ಕಿಲೋ ತೂಕದ ವಿನಾಯಿತಿ, ಸಿದ್ಧ ಸಂಗೀತ ವಾದ್ಯಗಳಿಗೆ 2019ರಿಂದ ಸಿಕ್ಕ ವಿನಾಯಿತಿ, ಎಲ್ಲವೂ ಆ ಟಿಪ್ಪಣಿಯಲ್ಲೇ ಅಡಗಿವೆ. ಅನುಬಂಧದ ಸಂಖ್ಯೆ ಮಾತ್ರ ನೋಡಿ ಸರಕು ಕಟ್ಟಿದರೆ ಅದು ಬಂದರಿನಲ್ಲಿ ಕೊಳೆಯುತ್ತದೆ, ಅಥವಾ ಬೇಡದ ಪರವಾನಗಿಗೆ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.

ಸೈಟೀಸ್ ವ್ಯಾಪಾರದ ದತ್ತಸಂಚಯವೂ ಉಚಿತ, 1975ರಿಂದಿನ ದಾಖಲೆ ಅಲ್ಲಿದೆ. ಅದರಲ್ಲಿ ರಫ್ತು ದೇಶ ಹೇಳಿದ ಪ್ರಮಾಣ ಒಂದು ಕಾಲಂ, ಆಮದು ದೇಶ ಹೇಳಿದ್ದು ಇನ್ನೊಂದು, ಎರಡೂ ವಿರಳವಾಗಿ ಹೊಂದುತ್ತವೆ. ಕಳ್ಳಸಾಗಣೆ ಎಂದು ತಕ್ಷಣ ಕೂಗಬೇಡಿ: ಕೆಲವು ದೇಶಗಳು ಕೊಟ್ಟ ಪರವಾನಗಿಯನ್ನು ಎಣಿಸುತ್ತವೆ, ಕೆಲವು ನಿಜವಾಗಿ ದಾಟಿದ ಸರಕನ್ನು. ಡಿಸೆಂಬರಿನಲ್ಲಿ ಹೊರಟದ್ದು ಜನವರಿಯಲ್ಲಿ ತಲುಪಿದರೆ ವರ್ಷವೇ ಬದಲಾಗುತ್ತದೆ. ಅಳತೆಯ ಕಾಲಂ ಖಾಲಿ ಇದ್ದರೆ ಅದು ಬಿಡಿ ಸಂಖ್ಯೆ, ಕಿಲೋ ಅಲ್ಲ. ಮೂಲದ ಕೋಡ್ ಡಬ್ಲ್ಯು ಎಂದರೆ ಕಾಡಿನದು, ಸಿ ಎಂದರೆ ಸಾಕಣೆಯಲ್ಲಿ ಹುಟ್ಟಿದ್ದು, ಐ ಎಂದರೆ ಮುಟ್ಟುಗೋಲು ಹಾಕಿಕೊಂಡದ್ದು. ವಾರ್ಷಿಕ ವರದಿಗೆ ಮರುವರ್ಷದ ಅಕ್ಟೋಬರ್ 31ರವರೆಗೆ ಗಡುವು ಇರುವುದರಿಂದ ಕೊನೆಯ ಎರಡು ವರ್ಷದ ಅಂಕಿ ಯಾವಾಗಲೂ ಕಡಿಮೆ ಕಾಣುತ್ತದೆ. ವ್ಯಾಪಾರ ಇಳಿದಿದೆ ಎಂದು ಅದರಿಂದ ತೀರ್ಮಾನಿಸುವ ಹಾಗಿಲ್ಲ.

ದರ್ಜೆಗಿಂತ ಕೆಳಗಿನ ಹಸಿ ಮಾಹಿತಿ, ಅಂದರೆ ಯಾವ ಜೀವಿ ಎಲ್ಲಿ ಕಂಡಿತು ಎಂಬ ದಾಖಲೆ, ಬೇಕಿದ್ದರೆ ಜಿಬಿಐಎಫ್. 2001ರಲ್ಲಿ ಶುರುವಾಗಿ ಕೋಪನ್‌ಹೇಗನ್‌ನಿಂದ ನಡೆಯುವ ಈ ಸೇವೆಯಲ್ಲಿ 300 ಕೋಟಿಗೂ ಮೀರಿದ ದಾಖಲೆಗಳಿವೆ. ಅದರಲ್ಲಿ ದೊಡ್ಡ ಪಾಲು ಹಕ್ಕಿಗಳದ್ದು, ಅದೂ ಹಕ್ಕಿ ವೀಕ್ಷಕರು ತಾವು ಕಂಡದ್ದನ್ನು ದಾಖಲಿಸುವ ಇಬರ್ಡ್ ತಾಣದಿಂದ ಬಂದದ್ದು. ಹುಡುಕಲು ಲಾಗಿನ್ ಬೇಡ, ಇಳಿಸಿಕೊಳ್ಳಲು ಬೇಕು. ಪ್ರತಿ ಡೌನ್‌ಲೋಡ್‌ಗೂ ಡಿಒಐ ಎಂಬ ಒಂದು ಶಾಶ್ವತ ಗುರುತಿನ ಸಂಖ್ಯೆ ಕೊಡುತ್ತದೆ, ನಾಳೆ ಯಾರೇ ಕೇಳಿದರೂ ಅದೇ ಕಡತವನ್ನು ತೋರಿಸಬಹುದು. ಈ ಒಂದು ಶಿಸ್ತಿಗಾಗಿಯೇ ಇದಕ್ಕೆ ಪೂರ್ತಿ ಅಂಕ. ಸಿಎಸ್‌ವಿ ಎಂದು ಬರುವ ಕಡತದಲ್ಲಿ ಅಲ್ಪವಿರಾಮದ ಬದಲು ಟ್ಯಾಬ್ ಇರುತ್ತದೆ. ಎಕ್ಸೆಲ್‌ನಲ್ಲಿ ನೇರ ತೆರೆದರೆ ಕಾಲಂಗಳು ಕಲಸಿಹೋಗುತ್ತವೆ, 10,48,576 ಸಾಲು ದಾಟಿದ್ದು ಕಾಣುವುದೇ ಇಲ್ಲ.

ಅದರ ಬಿಂದುಗಳನ್ನು ನಕ್ಷೆಗೆ ಹಾಕುವ ಮುನ್ನ ಸ್ವಚ್ಛಗೊಳಿಸಲೇಬೇಕು. ಅಕ್ಷಾಂಶ ರೇಖಾಂಶ ಎರಡೂ ಸೊನ್ನೆ ಇರುವವು, ದೇಶದ ಅಥವಾ ರಾಜ್ಯದ ನಟ್ಟನಡುವೆ ಬಿದ್ದವು, ವಸ್ತುಸಂಗ್ರಹಾಲಯದ ವಿಳಾಸದ ಮೇಲೇ ಕೂತವು, ಇವನ್ನು ಕಿತ್ತುಹಾಕಿ. ಆರ್ ಭಾಷೆಯ ಕೋಆರ್ಡಿನೇಟ್‌ಕ್ಲೀನರ್ ಪ್ಯಾಕೇಜ್ ಇದನ್ನೆಲ್ಲ ಮಾಡುತ್ತದೆ. ಹಳೆಯ ಒಣಗಿಡದ ಹಾಳೆಗಳಲ್ಲಿ ಕೆನರಾ ಎಂದಷ್ಟೇ ಇದ್ದರೆ ಅದಕ್ಕೆ ಕೊಟ್ಟ ಬಿಂದು ಕಾರವಾರವೂ ಆಗಿರಬಹುದು, ಕಾಸರಗೋಡೂ ಆಗಿರಬಹುದು. ಅನಿಶ್ಚಿತತೆ ಮೀಟರಿನಲ್ಲಿ ಎಂಬ ಕಾಲಂ ಇರುವುದು ಇದಕ್ಕೇ. ಜನಸಾಮಾನ್ಯರು ತಾವು ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ತಾಣದಿಂದ ಬರುವ ಅಪಾಯದ ಪ್ರಭೇದಗಳ ಸ್ಥಳವನ್ನು ಬೇಟೆಗಾರರ ಕಣ್ಣಿನಿಂದ ತಪ್ಪಿಸಲು 0.2 ಡಿಗ್ರಿ ಚೌಕದೊಳಗೆ ಅಡ್ಡಾದಿಡ್ಡಿ ಸರಿಸಿರುತ್ತಾರೆ, ಹೆಚ್ಚುಕಡಿಮೆ 22 ಕಿಲೋಮೀಟರ್ ಬದಿಯ ಚೌಕ. ಗಮನಿಸದೆ ಬಳಸಿದರೆ ಘಟ್ಟದ ಮೇಲಿನ ಆರ್ಕಿಡ್ ಘಟ್ಟದ ಕೆಳಗೆ ಅರಳುತ್ತದೆ. ದಾಖಲೆ ಇಲ್ಲದ ಜಾಗದಲ್ಲಿ ಜೀವಿಯೂ ಇಲ್ಲ ಎಂದು ಓದುವುದು ಇದಕ್ಕಿಂತ ದೊಡ್ಡ ತಪ್ಪು. ಬೆಂಗಳೂರಿನ ಸುತ್ತ ಬಿಂದುಗಳ ಜಾತ್ರೆ, ಯಾದಗಿರಿಯ ಕಡೆ ಖಾಲಿ ಎಂದರೆ ಅದು ಫೋನ್ ಹಿಡಿದು ಓಡಾಡುವವರ ನಕ್ಷೆ.

ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಒಪ್ಪಂದವಾದ ರಾಮ್ಸಾರ್‌ನ ಪಟ್ಟಿಗೆ ಸೇರಿದ ತಾಣಗಳ ಮಾಹಿತಿ ಸೇವೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಂಗನತಿಟ್ಟು (2022), ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿ ಅಳಿವೆ (ಮೂರೂ 2024) ಅಲ್ಲಿವೆ. ಪ್ರತಿ ಆರು ವರ್ಷಕ್ಕೆ ಮಾಹಿತಿ ಹಾಳೆ ಹೊಸದಾಗಬೇಕು, ಹೊಸದಾಗಿದೆಯೇ ಎಂದು ದಿನಾಂಕ ನೋಡಿ. ನಿಗಾ ಇಡುವ ಕೆಲಸದಲ್ಲಿ ಒಪ್ಪಂದದ ಕೈಲಿರುವ ಚಾಟಿ, ಹದಗೆಡುತ್ತಿರುವ ತಾಣಗಳನ್ನು ಪಟ್ಟಿ ಮಾಡುವ ಮಾಂಟ್ರೂ ದಾಖಲೆ: ಕೇವಲಾದೇವ ಮತ್ತು ಲೋಕ್ತಕ್ ಇನ್ನೂ ಅದರಲ್ಲಿವೆ, ಚಿಲಿಕಾ 2002ರಲ್ಲಿ ಹೊರಬಂತು.

ಹಣದ ವಿಚಾರದಲ್ಲಿ ಬಿಲ್ಲೆಗೆ ಬೆಲೆ ಬರುತ್ತದೆ. 25,000 ಡಾಲರ್‌ವರೆಗೆ ಅನುದಾನ ಕೊಡುವ ಮೊಹಮ್ಮದ್ ಬಿನ್ ಜಾಯೆದ್ ಪ್ರಭೇದ ಸಂರಕ್ಷಣಾ ನಿಧಿಯ ಅರ್ಜಿಯಲ್ಲೇ ಕೆಂಪು ಪಟ್ಟಿಯ ದರ್ಜೆ ಕೇಳುತ್ತಾರೆ. ಪಶ್ಚಿಮ ಘಟ್ಟಕ್ಕೆ 2008ರಿಂದ 2015ರವರೆಗೆ ಬಂದ, ಸಿಇಪಿಎಫ್ ಎಂಬ ಅಂತರರಾಷ್ಟ್ರೀಯ ಸಂರಕ್ಷಣಾ ನಿಧಿಯ ಅನುದಾನವನ್ನು ಬೆಂಗಳೂರಿನ ಏಟ್ರೀ ಸಂಸ್ಥೆ ಇಲ್ಲಿ ನಿಭಾಯಿಸಿತು. ಆಗಲೂ ಆದ್ಯತೆಯ ಜಾಗಗಳನ್ನು ಗುರುತಿಸಲು ಅಪಾಯದ ಪ್ರಭೇದಗಳ ಪಟ್ಟಿಯೇ ಆಧಾರ. ಇದರ ಅಡ್ಡಪರಿಣಾಮ ಡಿಡಿ ದರ್ಜೆಯ ಜೀವಿಗಳ ಮೇಲೆ. ಮಾಹಿತಿ ಸಾಲದು ಎಂದರೆ ಸುರಕ್ಷಿತ ಎಂದರ್ಥವಲ್ಲ, ಆದರೆ ಅನುದಾನ ಕೊಡುವವರು ಸಿಆರ್ ಕಡೆಗೇ ವಾಲುತ್ತಾರೆ. 2023ರ ಉಭಯಚರ ಮೌಲ್ಯಮಾಪನದಲ್ಲಿ 8,011 ಪ್ರಭೇದಗಳ ಪೈಕಿ ಶೇ 41 ಅಪಾಯದಲ್ಲಿವೆ ಎಂದಾಗ, ಡಿಡಿಯಲ್ಲಿರುವವೂ ಅದೇ ಪ್ರಮಾಣದಲ್ಲಿ ಕಷ್ಟದಲ್ಲಿವೆ ಎಂದು ಎಣಿಸಿಯೇ ಆ ಸಂಖ್ಯೆ ಬಂದದ್ದು.

ಪುಟದಲ್ಲಿ ತಪ್ಪು ಕಂಡರೆ ದಾರಿಯಿದೆ. ಮೌಲ್ಯಮಾಪಕರ ಹೆಸರು ಪುಟದಲ್ಲೇ ಇರುತ್ತದೆ. ಆ ಗುಂಪಿನ ಐಯುಸಿಎನ್ ತಜ್ಞ ತಂಡಕ್ಕೆ ಬರೆಯಿರಿ. ದರ್ಜೆಯನ್ನೇ ಪ್ರಶ್ನಿಸುವುದಾದರೆ ವಿಧಿಬದ್ಧ ಮನವಿಯ ಕ್ರಮವೂ ಇದೆ, ಆದರೆ ಅಲ್ಲಿ ಮಾನದಂಡದ ಲೆಕ್ಕಕ್ಕೆ ಮಾತ್ರ ಕಿವಿಗೊಡುತ್ತಾರೆ, ರಾಜಕೀಯಕ್ಕೋ ಆರ್ಥಿಕ ನಷ್ಟಕ್ಕೋ ಅಲ್ಲ. ಹಕ್ಕಿಗಳ ವಿಷಯದಲ್ಲಿ ಬರ್ಡ್‌ಲೈಫ್ ಕರಡು ಪ್ರಸ್ತಾಪಗಳನ್ನು ಮೊದಲೇ ಸಾರ್ವಜನಿಕ ಚರ್ಚೆಗೆ ಇಡುತ್ತದೆ, ಗಡುವಿನೊಳಗೆ ಯಾರು ಬೇಕಾದರೂ ದತ್ತಾಂಶ ಸಲ್ಲಿಸಬಹುದು. ಕಳಿಸುವಾಗ ಇದನ್ನು ನೋಡಿದ್ದೇವೆ ಎಂದರೆ ಸಾಲದು. ಯಾವ ದಿನಾಂಕ, ಯಾವ ಬಿಂದು, ಬಲಿತವು ಎಷ್ಟು, ಎಷ್ಟು ಹೊತ್ತು ಹುಡುಕಿದಿರಿ, ಹುಡುಕಿಯೂ ಸಿಗದ ಜಾಗ ಯಾವುವು, ಇಷ್ಟನ್ನು ಬರೆಯಿರಿ. ಕೊನೆಯದನ್ನು ಬಹುತೇಕ ಯಾರೂ ಬರೆಯುವುದಿಲ್ಲ. ಇಳಿಕೆಯನ್ನು ಸಾಬೀತು ಮಾಡಲು ಮೌಲ್ಯಮಾಪಕರು ಮೊದಲು ಕೇಳುವುದು ಅದನ್ನೇ.